ನಿದ್ದೆಹಕ್ಕಿ ಮತ್ತು ಬೊಮ್ಮಕ್ಕನ ಬರಿಯ ಮೊರ

ಬಹಳ ಕಾಲದ ಹಿಂದೆ, ಏಳು ಬೆಟ್ಟಗಳ ಈಚೆಗೆ ಬೆಳ್ಳಕ್ಕಿನಾಡು ಎಂಬ ಒಂದು ರಾಜ್ಯವಿತ್ತು. ಅಲ್ಲಿ ಮಳೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಹಸುಗಳು ಒದೆಯದೆ ಹಾಲು ಕೊಡುತ್ತಿದ್ದವು, ಕಳ್ಳರು ಕೂಡ ಬಾಗಿಲು ತಟ್ಟಿಯೇ ಒಳಗೆ ಬರುತ್ತಿದ್ದರು. ಅಷ್ಟು ಮರ್ಯಾದೆಯ ಜನ. ಅವರಿಗಿದ್ದ ರೋಗ ಒಂದೇ, ದಾಕ್ಷಿಣ್ಯ. ಬಡಿಸಿದ್ದನ್ನು ಬೇಡ ಎನ್ನಲಾರರು, ಬಂದವರನ್ನು ಹೋಗಿ ಎನ್ನಲಾರರು. ಯಾರಾದರೂ ಇವರ ಕಾಲು ತುಳಿದರೆ, "ನಿಮ್ಮ ಕಾಲಿಗೆ ನೋವಾಯಿತೇ?" ಎಂದು ಇವರೇ ಕೇಳುತ್ತಿದ್ದರು. ಈ ಕತೆ ಹೇಳುವಾಗಲೆಲ್ಲ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ನನ್ನನ್ನು ದೂರಬೇಡಿ.

ಆ ನಾಡನ್ನು ದುಂದುಭಿರಾಯ ಆಳುತ್ತಿದ್ದ. ಅವನ ರಾಣಿ ಕನಕಾಂಬೆ. ಹನ್ನೆರಡು ವರ್ಷ ಕಾದ ಮೇಲೆ ಅವರಿಗೆ ಒಂದು ಹೆಣ್ಣುಮಗು ಹುಟ್ಟಿತು. ಮಂದಾರವತಿ ಎಂದು ಹೆಸರಿಟ್ಟರು.

ಆ ನಾಡಿನಲ್ಲಿ ಪ್ರತಿ ಮಗುವಿನ ಜೊತೆಗೂ ಒಂದು ನಿದ್ದೆಹಕ್ಕಿ ಬರುತ್ತಿತ್ತು. ಗುಬ್ಬಿಗಿಂತ ಚಿಕ್ಕದು, ಬೂದಿಯ ಬಣ್ಣದ್ದು. ಅದು ತೊಟ್ಟಿಲ ಅಂಚಿನಲ್ಲಿ ಕೂತು ಮಗುವಿನ ಮುಖ ನೋಡುತ್ತಿತ್ತು, ಉಸಿರು ಆಲಿಸುತ್ತಿತ್ತು. ಮುಖ ಕಂಡು ಉಸಿರು ಕೇಳಿಸಿದರೆ ರೆಕ್ಕೆ ಮಡಿಚುತ್ತಿತ್ತು. ಹಕ್ಕಿ ರೆಕ್ಕೆ ಮಡಿಚಿತೆಂದರೆ ಮಗುವಿಗೆ ನಿದ್ದೆ. ಇಷ್ಟೇ ಏರ್ಪಾಡು. ಇದರಲ್ಲಿ ಮನುಷ್ಯರು ಮಾಡಬೇಕಾದ ಕೆಲಸ ಬಹಳ ಕಡಿಮೆ. ಅದಕ್ಕೇ ಅವರು ಅದನ್ನು ಕೆಡಿಸಿದರು.

ಕೆಡಿಸಿದ್ದು ಹೇಗೆಂದರೆ, ಅವರಲ್ಲಿ ತೊಟ್ಟಿಲು ತುಂಬುವುದು ಎಂಬ ಪದ್ಧತಿ ಇತ್ತು. ಮಗುವನ್ನು ನೋಡಲು ಬಂದವರು ಒಂದು ಮೆತ್ತನೆಯ ವಸ್ತುವನ್ನು ತಮ್ಮ ಕೈಯಾರೆ ತೊಟ್ಟಿಲಲ್ಲಿ ಇಡಬೇಕು. ಇಟ್ಟದ್ದನ್ನು ಬೇರೆಯವರು ತೆಗೆದರೆ ಇಟ್ಟವರಿಗೆ ಅವಮಾನ. ಬಡವರ ಮನೆಗೆ ನಾಲ್ಕು ಜನ ಬಂದು ನಾಲ್ಕು ತುಂಡು ಬಟ್ಟೆ ಇಡುತ್ತಿದ್ದರು, ಅಡ್ಡಿಯಿರಲಿಲ್ಲ. ಅರಮನೆಗೆ ನಾಡಿಗೆ ನಾಡೇ ಬಂತು. ರಾಜಮಾತೆ ಪದ್ಮಾಜಮ್ಮಣ್ಣಿಯವರು ಎಂಟು ಪದರದ ಕೌದಿ ಇಟ್ಟರು, ಅದರ ಮೇಲೆ ಬೆಳ್ಳಿದಾರದ ಹಂಸ. ಮಂತ್ರಿ ಶೇಷಪ್ಪಯ್ಯ ಬೂರುಗದ ಹತ್ತಿ ತುಂಬಿದ ಹುಲಿಯನ್ನು ಇಟ್ಟ, ಕರುವಿನಷ್ಟು ದೊಡ್ಡದು. ಉಳಿದವರು ದಿಂಬು, ಲೋಡು, ಶಾಲು, ಕುಲಾವಿ ಇಟ್ಟರು.

ಕೊನೆಗೆ ಒಬ್ಬ ಮುದುಕಿ ಬಂದಳು. ಬೆಳ್ಳಗೆ ಉಬ್ಬಿದ ಮುಖ, ತಲೆಯ ಮೇಲೆ ದೊಡ್ಡ ತುರುಬು. "ನಾನು ದೊಡ್ಡತ್ತೆ ಕಣ್ರೇ, ಗುರುತು ಸಿಗಲಿಲ್ಲವೇ?" ಎಂದಳು. ಯಾರಿಗೂ ಗುರುತು ಸಿಗಲಿಲ್ಲ. ಆದರೆ ಗುರುತಿಲ್ಲ ಎಂದು ಹೇಳುವುದು ಹೇಗೆ? ರಾಣಿಯ ಕಡೆಯವಳಿರಬೇಕು ಎಂದು ರಾಜ ಅಂದುಕೊಂಡ, ರಾಜನ ಕಡೆಯವಳಿರಬೇಕು ಎಂದು ರಾಣಿ ಅಂದುಕೊಂಡಳು. ಇಬ್ಬರೂ ಕಾಲಿಗೆ ಬಿದ್ದರು. ಮುದುಕಿ ನಿಂಬೆಹಣ್ಣಿನಷ್ಟು ಚಿಕ್ಕ ದಿಂಬೊಂದನ್ನು ಮಗುವಿನ ಕಾಲ ಬಳಿ ಇಟ್ಟು, ತೊಟ್ಟಿಲಲ್ಲಿದ್ದ ಎಲ್ಲವನ್ನೂ ಒಮ್ಮೆ ಸವರಿ, "ಯಾರು ಇಟ್ಟರೋ ಅವರೇ ತೆಗೆಯಲಿ" ಎಂದಳು. ಎಲ್ಲರೂ ತಥಾಸ್ತು ಎಂದರು. ಅವಳು ಯಾರು ಎಂದು ಆ ಕ್ಷಣದಲ್ಲಿ ಒಬ್ಬರು ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಮಾರನೆಯ ದಿನದಿಂದ ನಿದ್ದೆಹಕ್ಕಿ ಕಾಣಲಿಲ್ಲ. ಮಂದಾರವತಿ ಕಣ್ಣು ಮುಚ್ಚುತ್ತಿದ್ದಳು, ಎರಡು ಗಳಿಗೆಯಲ್ಲಿ ಬೆಚ್ಚಿ ಎದ್ದು ಅಳುತ್ತಿದ್ದಳು. ಒಂದು ವಾರ ಹೀಗೆ, ಒಂದು ತಿಂಗಳು ಹೀಗೆ, ಮೂರು ತಿಂಗಳು ಹೀಗೆ. ಸಲಹೆ ಕೊಡುವವರಿಗೆ ಮಾತ್ರ ಬರವಿರಲಿಲ್ಲ. ರಾಜವೈದ್ಯರು ಮಗುವನ್ನು ಮಕಾಡೆ ಮಲಗಿಸಿ ಕೋಣೆಯ ತುಂಬ ಸಾಂಬ್ರಾಣಿ ಹೊಗೆ ಹಾಕಿಸಿದರು. ಜೋಯಿಸರು ದಿನಕ್ಕೆ ನಾಲ್ಕು ಸಲ ತೊಟ್ಟಿಲ ದಿಕ್ಕು ತಿರುಗಿಸಿದರು. ಮಂತ್ರಿ ನಾಲ್ಕು ಜನ ವೈಣಿಕರನ್ನು ಕೂರಿಸಿದ. ಮಗುವನ್ನು ಬೇರೆ ಕಡೆ ಮಲಗಿಸೋಣವೆಂದರೆ ಕೌದಿ, ದಿಂಬು, ಹುಲಿ ಎಲ್ಲವೂ ಪಡಸಾಲೆಯುದ್ದಕ್ಕೂ ಉರುಳಿಕೊಂಡು ಹಿಂದೆಯೇ ಬಂದು ಮಗುವನ್ನು ಮುತ್ತಿಕೊಳ್ಳುತ್ತಿದ್ದವು.

ರಾಣಿ ಎಷ್ಟು ದಣಿದಿದ್ದಳೆಂದರೆ, ಒಂದು ದಿನ ಕನ್ನಡಿಯಲ್ಲಿ ತನ್ನ ಮುಖ ನೋಡಿ, ಯಾರೋ ನೆಂಟರು ಬಂದಿದ್ದಾರೆಂದು ಕೈಮುಗಿದಳು. ಮಗುವನ್ನು ಎತ್ತಿಕೊಂಡು ಕೂತಲ್ಲೇ ತೂಕಡಿಸಿದಾಗ ಒಮ್ಮೆ ಮಗು ಅವಳ ತೋಳಿನಿಂದ ಜಾರಿತ್ತು. ದಾಸಿ ಹಿಡಿಯದಿದ್ದರೆ ಏನಾಗುತ್ತಿತ್ತೋ. ಅಂದಿನಿಂದ ಅವಳಿಗೆ ಕೂರಲೂ ಭಯ.

ರಾಜ ಸುಮ್ಮನಿದ್ದನೇ? ಇಲ್ಲ. ರಾಜರು ಮಾಡುವುದನ್ನೇ ಮಾಡಿದ. "ನನ್ನ ಮಗಳ ನಿದ್ದೆ ಕದ್ದವರನ್ನು ಹಿಡಿದು ತನ್ನಿ" ಎಂದು ಇಡೀ ಸೈನ್ಯವನ್ನು ಏಳು ಬೆಟ್ಟಗಳ ಆಚೆಗೆ ಕಳಿಸಿದ.

ಇತ್ತ ದೊಡ್ಡತ್ತೆ ಎಲ್ಲಿದ್ದಳು? ಅರಮನೆಯಲ್ಲೇ ಇದ್ದಳು. ಬಂದವಳು ಹೋಗಿರಲಿಲ್ಲ. ಅತಿಥಿಗಳ ಕೋಣೆಯಲ್ಲಿ ಏಳು ಹಾಸಿಗೆಗಳ ಮೇಲೆ ಬೆಳಗಿನಿಂದ ಬೈಗಿನವರೆಗೆ ಗೊರಕೆ ಹೊಡೆಯುತ್ತಿದ್ದಳು. ಎದ್ದಾಗ ಒಬ್ಬಟ್ಟು ತಿನ್ನುತ್ತಿದ್ದಳು.

ಒಂದು ದಿನ ಬೆಳಗ್ಗೆ ಅರಮನೆಯ ಅಡುಗೆಮನೆಗೆ ದೊಡ್ಡ ಮೊರವೊಂದನ್ನು ಕೊಡಲು ಬೊಮ್ಮಕ್ಕ ಎಂಬ ಹೆಂಗಸು ಬಂದಳು. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವ ಮನೆಯವಳು. ಐದು ಜನ ತಮ್ಮ ತಂಗಿಯರನ್ನೂ ತನ್ನ ಮೂರು ಮಕ್ಕಳನ್ನೂ ಅವಳೇ ಮಲಗಿಸಿ ಬೆಳೆಸಿದ್ದಳು. ಮಗುವಿನ ಅಳು ಕೇಳಿ, ಯಾರನ್ನೂ ಕೇಳದೆ ಸೀದಾ ಒಳಗೆ ಹೋದಳು. ತೊಟ್ಟಿಲು ನೋಡಿದಳು. ಮೆತ್ತೆಗಳ ಗುಡ್ಡ ಕಂಡಿತು.

"ಕೂಸು ಎಲ್ಲವ್ವಾ?" ಎಂದು ಕೇಳಿದಳು.

"ಒಳಗಿದೆ" ಎಂದಳು ರಾಣಿ.

"ಯಾವುದರ ಒಳಗೆ?"

ರಾಣಿ ಗುಡ್ಡದ ಬುಡ ತೋರಿಸಿದಳು. ಬೊಮ್ಮಕ್ಕ ಬಗ್ಗಿ ನೋಡಿದಳು. ಮಕಾಡೆ ಮಲಗಿದ್ದ ಮಗುವಿನ ಅರ್ಧ ಕೆನ್ನೆ, ಒಂದು ಮೂಗಿನ ಹೊಳ್ಳೆ. ಅದರಿಂದ ನಾಲ್ಕು ಬೆರಳಿನ ದೂರದಲ್ಲಿ ಕುಂಬಳಕಾಯಿಯಷ್ಟು ದೊಡ್ಡ ದಿಂಬು. ಮೂರು ತಿಂಗಳ ಹಿಂದೆ ಕಾಲ ಬಳಿ ಇಟ್ಟ ಆ ನಿಂಬೆಹಣ್ಣಿನ ದಿಂಬೇ ಹೀಗೆ ಬೆಳೆದು, ತಲೆಯ ಕಡೆಗೆ ಸರಿದು ಬಂದಿತ್ತು. ಬೊಮ್ಮಕ್ಕ ನೋಡುತ್ತಿದ್ದ ಹಾಗೆಯೇ ಅದು ಇನ್ನೊಂದು ಕೂದಲೆಳೆಯಷ್ಟು ಉಬ್ಬಿತು.

ಬೊಮ್ಮಕ್ಕ ತಡಮಾಡಲಿಲ್ಲ. ತಟ್ಟನೆ ಮಗುವನ್ನು ಎಳೆದುಕೊಂಡು ಎತ್ತಿ, ತಾನು ತಂದ ಮೊರವನ್ನು ನೆಲದ ಮೇಲಿಟ್ಟು, ಒಂದು ತೆಳ್ಳನೆಯ ಬಟ್ಟೆಯನ್ನು ಬಿಗಿಯಾಗಿ ಹಾಸಿ, ಅದರ ಮೇಲೆ ಮಗುವನ್ನು ಅಂಗಾತ ಮಲಗಿಸಿದಳು. ಮಗು ಅಳು ನಿಲ್ಲಿಸಿ ಮೇಲೆ ನೋಡಿತು. ಅಷ್ಟರಲ್ಲಿ ತೊಟ್ಟಿಲಿನಿಂದ ದಿಂಬು, ಕೌದಿ, ಹುಲಿ ಎಲ್ಲವೂ ಧೊಪ್ಪನೆ ಬಿದ್ದು ಉರುಳಿ ಬಂದು ಮೊರದ ಸುತ್ತ ನೆರೆದವು. ಬೊಮ್ಮಕ್ಕ ಕೌದಿಗೆ ಕೈ ಹಾಕಿದಳು. ಬೆಳ್ಳಿದಾರದ ಹಂಸ ಕತ್ತು ಚಾಚಿ ಅವಳ ಬೆರಳು ಕಚ್ಚಿತು.

"ಯಾರು ಇಟ್ಟರೋ ಅವರೇ ತೆಗೆಯಬೇಕು" ಎಂದಳು ರಾಣಿ, ಅಳು ನುಂಗಿಕೊಂಡು.

"ತೆಗೀರಿ ಅಂತ ಅವರ್ಗೆ ಹೇಳಿದ್ರಾ?"

"ಹೇಳುವುದು ಹೇಗೆ? ಬೇಜಾರು ಮಾಡಿಕೊಳ್ಳುತ್ತಾರೆ."

ಬೊಮ್ಮಕ್ಕ ರಕ್ತ ಬಂದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ನಮ್ಮ ಬಿದಿರುಮೆಳೆಯಾಗೆ ಹಾವೈತೆ, ಚೇಳೈತೆ. ಅವು ಎಷ್ಟೋ ವಾಸಿ ತಾಯಿ" ಎಂದು ರಾಜಮಾತೆಯ ಕೋಣೆಗೆ ನಡೆದಳು. ಬೇರೆ ಕತೆಗಳಲ್ಲಿ ಸಾಹಸಿಗಳು ಏಳು ಸಮುದ್ರ ದಾಟುತ್ತಾರೆ. ಬೊಮ್ಮಕ್ಕ ದಾಟಬೇಕಾದದ್ದು ಮೂರು ಹೊಸ್ತಿಲು. ಸಮುದ್ರವೇ ಸುಲಭವಿತ್ತು.

ಮೊದಲನೆಯ ಪರೀಕ್ಷೆ ರಾಜಮಾತೆ. ಬೊಮ್ಮಕ್ಕ ಅವರ ಕೈಹಿಡಿದು ಮಗುವಿನ ಬಳಿ ಕರೆತಂದಳು.

"ಅಮ್ಮಾವ್ರೇ, ಈ ಕೌದಿ ತೆಗೀಬೇಕು."

"ತೆಗೆದರೆ ಮಗುವಿಗೆ ಚಳಿಯಾಗುತ್ತೆ. ನನ್ನ ಮಗನೂ ಇಂಥದ್ದರಲ್ಲೇ ಮಲಗಿದ್ದು."

"ಈಗ ನಿಮ್ಗೆ ಚಳಿ ಆಯ್ತಾ ಐತಾ?"

"ನನಗೇಕೆ ಚಳಿ? ಈ ಬೇಸಿಗೆಯಲ್ಲಿ ಬೀಸಣಿಗೆ ಕೆಳಗಿಡೋಕೆ ಆಗ್ತಿಲ್ಲ."

"ಹಂಗಾರೆ ಅದೇ ಕೋಣೆಯಾಗಿರೋ ಮಗೀಗೆ ಮಾತ್ರ ಎಲ್ಲಿಂದ ಬರ್ತದೆ ಚಳಿ?" ಎಂದ ಬೊಮ್ಮಕ್ಕ ಅವರ ಕೈಯನ್ನು ಮಗುವಿನ ಕತ್ತಿನ ಹಿಂದೆ ಇರಿಸಿದಳು.

ರಾಜಮಾತೆ ಕೈ ಹಿಂದಕ್ಕೆ ತೆಗೆದು ನೋಡಿಕೊಂಡರು. ಅಂಗೈ ಒದ್ದೆಯಾಗಿತ್ತು. ಆಮೇಲೆ ಹಂಸದ ಕತ್ತು ಸವರಿ, ಕೌದಿಯನ್ನು ತಾವೇ ಮಡಿಚಿ ಎತ್ತಿಕೊಂಡರು. "ಎರಡು ವರ್ಷ ಕೂತು ಹೊಲಿದದ್ದು. ಬೇಡವಾಯಿತಲ್ಲ" ಎಂದರು.

"ಬ್ಯಾಡ ಅಂದೋರು ಯಾರು? ಕೂಸು ಎದ್ದಿರೋವಾಗ ನೆಲಕ್ಕೆ ಹಾಸಿ ಆಡ್ಸಿ. ಅದು ಹಂಸದ ಜೊತೆ ಮಾತಾಡ್ಲಿ. ಮಲಗೋವಾಗ ಮಾತ್ರ ನಿಮ್ಮ ತಾವ ಇಟ್ಕಳಿ."

ರಾಜಮಾತೆಗೆ ಈ ಮಾತು ಒಪ್ಪಿಗೆಯಾಯಿತು. ಬೊಮ್ಮಕ್ಕ ಉಸಿರು ಬಿಟ್ಟಳು.

ಎರಡನೆಯ ಪರೀಕ್ಷೆ ಮಂತ್ರಿ ಶೇಷಪ್ಪಯ್ಯ. ಅವನ ಹತ್ತಿಯ ಹುಲಿ ಮೊರದ ಪಕ್ಕ ಕೂತು, ಹತ್ತಿರ ಬಂದವರಿಗೆಲ್ಲ ಗುರ್ ಎನ್ನುತ್ತಿತ್ತು. ಶೇಷಪ್ಪಯ್ಯ ಬರುವಾಗಲೇ ಒಂದು ಓಲೆಗರಿ ಹಿಡಿದು ಬಂದಿದ್ದ.

"ಹುಲಿ ಏಕಿರಬೇಕು ಎಂಬುದಕ್ಕೆ ಏಳು ಕಾರಣಗಳಿವೆ" ಎಂದ. "ಮೊದಲನೆಯದು, ಮಗು ಉರುಳಿ ಬಿದ್ದರೆ ಆಸರೆ. ಎರಡನೆಯದು, ಶತ್ರುಗಳು ಬಂದರೆ ರಕ್ಷಣೆ."

"ಬುದ್ಧಿ, ಮೂರು ತಿಂಗಳ ಕೂಸು ಮೊಣಕೈಯುದ್ದದ ತೊಟ್ಟಿಲ ಗೋಡೆ ಹಾರ್ತದಾ?"

"ಹಾರಿದರೆ?"

ಬೊಮ್ಮಕ್ಕ ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿದಳು. "ಆಯ್ತು. ನಿಮ್ಮ ಹುಲೀನ ನೀವೇ ಎತ್ಕಳಿ. ಅಂಗಾತ ಮಲಗಿ. ಅದರ ಹೊಟ್ಟೆ ನಿಮ್ಮ ಮೂಗಿನ ಮ್ಯಾಲೆ ಇಟ್ಕಂಡು ಆ ಏಳೂ ಕಾರಣ ನನಗೆ ಹೇಳಿ. ಏಳೂ ಕೇಳಿಸಿದ್ರೆ ನಾನು ಈಗಿಂದೀಗಲೇ ಮನೆಗೆ ಹೋಯ್ತೀನಿ."

ಶೇಷಪ್ಪಯ್ಯ ಸೋಲುವವನಲ್ಲ. ಪಂಚೆ ಸರಿಮಾಡಿಕೊಂಡು ಮಲಗಿ ಹುಲಿಯನ್ನು ಮುಖದ ಮೇಲಿಟ್ಟುಕೊಂಡ. ಮೊದಲನೆಯ ಕಾರಣ ಗೊಣಗೊಣ ಎಂದು ಕೇಳಿಸಿತು. ಎರಡನೆಯ ಕಾರಣದ ನಡುವೆ ಕಾಲು ಬಡಿಯತೊಡಗಿದ. ಮೂರನೆಯದು ಬರಲೇ ಇಲ್ಲ. ಹುಲಿಯನ್ನು ಎರಡೂ ಕೈಯಿಂದ ತಳ್ಳಿ ಎದ್ದು ಕೂತು ಏದುಸಿರು ಬಿಟ್ಟ.

"ನಿಮ್ಗೆ ಎರಡು ಕೈ ಇದ್ವು, ತಳ್ಳಿದ್ರಿ" ಎಂದಳು ಬೊಮ್ಮಕ್ಕ. "ಆ ಕೂಸಿಗೆ ತಳ್ಳೋಕೂ ಬರಾಕಿಲ್ಲ, ಕೂಗೋಕೂ ಬರಾಕಿಲ್ಲ."

ಶೇಷಪ್ಪಯ್ಯನ ಮುಖ ಬಿಳಿಚಿತು. ಓಲೆಗರಿಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿ, ಹುಲಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಕೋಟೆಯ ಬಾಗಿಲಲ್ಲಿ ಕೂರಿಸಿದ. ಶತ್ರುಗಳು ಬರುವುದು ಆ ಕಡೆಯಿಂದ ಎಂಬುದು ಅವನಿಗೆ ಆಗ ಹೊಳೆಯಿತು.

ದೊಡ್ಡವರು ತೆಗೆದ ಮೇಲೆ ಸಣ್ಣವರು ತಾವಾಗಿಯೇ ಬಂದರು. ಒಬ್ಬೊಬ್ಬರೂ ತಂತಮ್ಮ ದಿಂಬು, ಲೋಡು, ಶಾಲು ಎತ್ತಿಕೊಂಡು ಹೋದರು. ವೈಣಿಕರು ವೀಣೆ ಎತ್ತಿಕೊಂಡರು. ರಾಜವೈದ್ಯರು ಕೆಮ್ಮುತ್ತ ಹೊಗೆಯ ಮಡಕೆಯನ್ನು ಹೊರಗೆ ಇಟ್ಟರು. ಕೊನೆಗೆ ಉಳಿದದ್ದು ಕುಂಬಳಕಾಯಿಯ ಗಾತ್ರದ ಆ ಒಂದು ದಿಂಬು. ಬೊಮ್ಮಕ್ಕ ತಳ್ಳಿದಳು, ರಾಜ ತಳ್ಳಿದ, ಅಡುಗೆಮನೆಯ ನಾಲ್ಕು ಜನ ಆಳುಗಳು ತಳ್ಳಿದರು. ಬಂಡೆಯ ಹಾಗೆ ಕೂತಿತ್ತು.

"ಇದು ಯಾರದ್ದು?" ಎಂದಳು ಬೊಮ್ಮಕ್ಕ.

"ದೊಡ್ಡತ್ತೆಯದು" ಎಂದರು ಎಲ್ಲರೂ.

"ಯಾರ ದೊಡ್ಡತ್ತೆ?"

ರಾಜ ರಾಣಿಯ ಮುಖ ನೋಡಿದ. "ನಿನ್ನ ತವರಿನವರಲ್ಲವೇ?"

"ಅಯ್ಯೋ, ನಿಮ್ಮ ಕಡೆಯವರಲ್ಲವೇ?"

ಇಬ್ಬರೂ ರಾಜಮಾತೆಯ ಕಡೆ ತಿರುಗಿದರು. ರಾಜಮಾತೆ ತಲೆಯಾಡಿಸಿದರು. "ನನಗೇನು ಗೊತ್ತು? ಮೂರು ತಿಂಗಳಿಂದ ಅತಿಥಿಗಳ ಕೋಣೆಯಲ್ಲಿ ಒಬ್ಬಟ್ಟು ತಿಂದು ಮಲಗಿದ್ದಾರೆ, ಯಾರೆಂದು ಕೇಳೋಕೂ ಸಂಕೋಚ."

ಬೊಮ್ಮಕ್ಕ ತಲೆಯ ಮೇಲೆ ಕೈಹೊತ್ತು ನೆಲದ ಮೇಲೆ ಕೂತುಬಿಟ್ಟಳು. "ದಂಡು ಏಳು ಬೆಟ್ಟ ಹತ್ತಿ ಹೋಗೈತೆ. ಕಳ್ಳಿ ಮನೆಯಾಗೇ ಕೂತು ಮೂರು ತಿಂಗಳಿಂದ ಒಬ್ಬಟ್ಟು ತಿಂತಾ ಅವಳೆ. ಯಾವಾಗ ಹೊರಡ್ತೀರಿ ಅಂತ ಒಬ್ರೂ ಕೇಳ್ಲಿಲ್ವಾ?"

ಶೇಷಪ್ಪಯ್ಯ ಕಿವಿ ಮುಚ್ಚಿಕೊಂಡ. ಅತಿಥಿಯನ್ನು ಹಾಗೆ ಕೇಳುವ ಮಾತು ಆ ನಾಡಿನಲ್ಲಿ ಬೈಗುಳಕ್ಕಿಂತ ಕೆಟ್ಟದ್ದು.

ಅಷ್ಟು ಹೊತ್ತಿಗೆ ಗೊರಕೆ ನಿಂತಿತು. ದೊಡ್ಡತ್ತೆ ಕಾಲೆಳೆಯುತ್ತ ಬಂದಳು. ನಿದ್ದೆಯಿಂದ ಅವಳ ಕೆನ್ನೆ ತುಂಬಿ ಹೊಳೆಯುತ್ತಿತ್ತು. ಮಗುವಿನ ನಿದ್ದೆಯನ್ನೆಲ್ಲ ಅವಳೇ ಮಾಡುತ್ತಿದ್ದಳು. ಅವಳ ತುರುಬಿನೊಳಗೆ, ಹತ್ತಿಯ ನೂಲಿನಿಂದ ಕಾಲು ಕಟ್ಟಿಸಿಕೊಂಡ ಬೂದಿಯ ಬಣ್ಣದ ಹಕ್ಕಿ ಇಣುಕುತ್ತಿತ್ತು.

"ದುಂದುಭೀ, ನೆನ್ನೆ ಒಬ್ಬಟ್ಟಿಗೆ ತುಪ್ಪ ಸಾಲದಾಗಿತ್ತಪ್ಪ" ಎಂದಳು.

"ಕ್ಷಮಿಸಿ ಅತ್ತೆ, ಇವತ್ತು ಹೆಚ್ಚು ಹಾಕಿಸುತ್ತೇನೆ" ಎಂದ ರಾಜ, ರೂಢಿಯ ಪ್ರಕಾರ. ದಿಂಬು ಒಂದು ಬೆರಳು ಉಬ್ಬಿತು.

"ಪದ್ಮಾ, ನನ್ನ ಹಾಸಿಗೆ ಯಾಕೋ ಗಟ್ಟಿ."

"ಇನ್ನೊಂದು ಹಾಸಿಸುತ್ತೇನೆ" ಎಂದರು ರಾಜಮಾತೆ. ದಿಂಬು ಇನ್ನೊಂದು ಬೆರಳು ಉಬ್ಬಿ ಮಗುವಿನ ಕೆನ್ನೆಗೆ ತಾಕಿತು. ರಾಣಿ ಓಡಿ ಬಂದು ಮಗುವನ್ನು ಎತ್ತಿಕೊಂಡಳು.

ಈಗ ಎಲ್ಲರಿಗೂ ಅರ್ಥವಾಯಿತು. ಅವಳು ಅಜ್ಜಿಕತೆಗಳಲ್ಲಿ ಕೇಳಿದ್ದ ಅರಳೆಮಾಯಿ, ಏಳು ಬೆಟ್ಟಗಳ ಆಚೆಯ ಮಾಟಗಾತಿ. ಅವಳ ದಿಂಬಿನಲ್ಲಿ ತುಂಬಿದ್ದು ಹತ್ತಿಯಲ್ಲ, ಇವರ ದಾಕ್ಷಿಣ್ಯ. ಅರ್ಥವಾದರೂ ಯಾರೂ ಬಾಯಿ ಬಿಡಲಿಲ್ಲ. ಬೊಮ್ಮಕ್ಕ ಮುಂದೆ ಬಂದು, "ಏನಮ್ಮಾ, ಯಾವಾಗ ಹೊರಡ್ತೀಯಾ?" ಎಂದಳು. ಅರಳೆಮಾಯಿ ನಕ್ಕಳು.

"ನೀನು ಮೊರದವಳು. ಮನೆಯವರು ಕೇಳಿದರೆ ಹೋಗುತ್ತೇನೆ. ಎಲ್ಲಿ, ಕೇಳಲಿ?" ಎಂದು ರಾಣಿಯ ಕಡೆ ಎರಡೂ ಕೈ ಚಾಚಿದಳು. "ಪಾಪ, ದಣಿದಿದ್ದೀಯ ಕನಕಾ. ನಿಂತಲ್ಲೇ ಕಣ್ಣು ಮುಚ್ಚುತ್ತಿದೆ. ಮಗುವನ್ನು ನನ್ನ ಕೈಗೆ ಕೊಡು. ನಾನು ಮಲಗಿಸುತ್ತೇನೆ."

ಮೂರನೆಯ ಪರೀಕ್ಷೆ ಬೊಮ್ಮಕ್ಕನದಲ್ಲ, ರಾಣಿಯದು. ಬೊಮ್ಮಕ್ಕ ಅವಳ ಪಕ್ಕ ನಿಂತಳು, ಅಷ್ಟೇ.

ಆಗಲಿ ಅತ್ತೆ ಎಂಬ ಮಾತು ರಾಣಿಯ ನಾಲಗೆಯ ತುದಿಗೆ ಬಂದಿತ್ತು. ಹುಟ್ಟಿದಂದಿನಿಂದ ಹಿರಿಯರಿಗೆ ಅದೊಂದೇ ಮಾತು ಹೇಳಿ ಗೊತ್ತಿದ್ದದ್ದು. ತೋಳು ಕೂಡ ಅರ್ಧ ಮುಂದೆ ಹೋಗಿತ್ತು. ಆಗ ಮಗುವಿನ ಬಿಸಿಯುಸಿರು ಅವಳ ಕತ್ತಿಗೆ ತಾಕಿತು. ರಾಣಿಗೆ ಮೂರು ತಿಂಗಳ ಸಿಟ್ಟು ಒಟ್ಟಿಗೆ ಬಂತು. ಹೊಗೆಯ ಮೇಲೆ, ವೀಣೆಯ ಮೇಲೆ, ಹುಲಿಯ ಮೇಲೆ, ಎಲ್ಲಕ್ಕೂ ಆಗಲಿ ಎಂದ ತನ್ನ ಮೇಲೆ. ತೋಳನ್ನು ಹಿಂದಕ್ಕೆ ಎಳೆದುಕೊಂಡಳು.

"ನೀವು ಯಾರ ಕಡೆಯವರು?" ಎಂದಳು.

ಅರಳೆಮಾಯಿಯ ನಗು ನಿಂತಿತು. ಅವಳ ಕೆನ್ನೆ ಹತ್ತಿಯಾಗಿ ಎಳೆ ಎಳೆಯಾಗಿ ಉದುರಿತು. ದಿಂಬು ಕುಂಬಳಕಾಯಿಯಿಂದ ತೆಂಗಿನಕಾಯಿಯಾಯಿತು.

"ನಿಮ್ಮದು ಯಾವ ಊರು?"

ಅವಳ ತುರುಬು ಬಿಚ್ಚಿತು. ನೂಲು ಕಳಚಿ ಹಕ್ಕಿ ಹಾರಿತು. ದಿಂಬು ತೆಂಗಿನಕಾಯಿಯಿಂದ ನಿಂಬೆಹಣ್ಣಾಯಿತು.

ರಾಣಿಯ ದನಿ ನಡುಗಿತು, ಆದರೆ ಪ್ರಶ್ನೆ ಪೂರ್ತಿ ಹೊರಗೆ ಬಂತು. "ನೀವು ಯಾವಾಗ ಹೊರಡುತ್ತೀರಿ? ಈಗಲೇ ಹೊರಡಿ. ಹೋಗುವಾಗ ನಿಮ್ಮ ದಿಂಬು ತೆಗೆದುಕೊಂಡು ಹೋಗಿ."

ಅರಳೆಮಾಯಿ ಗೊಣಗುತ್ತ ಬಗ್ಗಿ ತನ್ನ ದಿಂಬನ್ನು ತನ್ನ ಕೈಯಾರೆ ಎತ್ತಿಕೊಂಡಳು. ಎತ್ತಿಕೊಂಡ ಕೂಡಲೇ ಅವಳೂ ದಿಂಬೂ ಒಂದು ಹಿಡಿ ಅರಳೆಯಾದರು. ಕಿಟಕಿಯಿಂದ ಬಂದ ಗಾಳಿ ಅದನ್ನು ಏಳು ಬೆಟ್ಟಗಳ ಆಚೆಗೆ ಹೊತ್ತುಕೊಂಡು ಹೋಯಿತು.

ಬೊಮ್ಮಕ್ಕ ಅಂಗಳದಲ್ಲಿ ಕೂತು, ಮಧ್ಯಾಹ್ನದೊಳಗೆ ಒಂದು ಬಿದಿರು ತೊಟ್ಟಿಲು ಹೆಣೆದಳು. ಮೊರದ ಹಾಗೆ ಚಪ್ಪಟೆಯಾದ ಗಟ್ಟಿ ತಳ, ಆಚೆ ನಿಂತರೂ ಮಗುವಿನ ಮುಖ ಕಾಣುವಂಥ ಕಣ್ಣುಕಣ್ಣಿನ ಗೋಡೆ. ಅದನ್ನು ರಾಣಿಯ ಮಂಚದ ಪಕ್ಕದಲ್ಲೇ ಇಟ್ಟರು. ರಾಣಿ ಮಗುವಿಗೆ ಹಾಲು ಕುಡಿಸಿ, ತೇಗಿಸಿ, ರೆಪ್ಪೆ ಭಾರವಾದಾಗ ಅಂಗಾತ ಮಲಗಿಸಿದಳು. ತೊಟ್ಟಿಲಲ್ಲಿ ಒಂದು ತೆಳ್ಳನೆಯ ಬಟ್ಟೆ, ಒಂದು ಮಗು. ಇನ್ನೇನೂ ಇರಲಿಲ್ಲ. ಮಗು ಸ್ವಲ್ಪ ಮಿಸುಕಿತು, ಸ್ವಲ್ಪ ಮುಲುಗಿತು. ರಾಜ ಎತ್ತಿಕೊಳ್ಳಲು ಬಗ್ಗಿದ. ಬೊಮ್ಮಕ್ಕ ಅವನ ಮುಂಗೈ ಹಿಡಿದಳು.

"ಹಾಗಾದರೆ ನಾನು ಈಗ ಏನು ಮಾಡಲಿ?" ಎಂದು ರಾಜ ಪಿಸುಗುಟ್ಟಿದ.

"ಏನೂ ಮಾಡಬ್ಯಾಡಿ ಬುದ್ಧಿ. ಸುಮ್ಕೆ ನೋಡ್ಕಂಡಿರಿ."

ಹತ್ತು ಯುದ್ಧ ಗೆದ್ದ ದುಂದುಭಿರಾಯನಿಗೆ ಇಷ್ಟು ಕಷ್ಟದ ಆಜ್ಞೆಯನ್ನು ಯಾರೂ ಕೊಟ್ಟಿರಲಿಲ್ಲ. ಕೈಕಟ್ಟಿ ನಿಂತ. ಬೂದಿಯ ಬಣ್ಣದ ಹಕ್ಕಿ ಕಿಟಕಿಯಿಂದ ಬಂದು ತೊಟ್ಟಿಲ ಅಂಚಿನಲ್ಲಿ ಕೂತಿತು. ಮಗುವಿನ ಮುಖ ನೋಡಿತು, ಉಸಿರು ಆಲಿಸಿತು, ರೆಕ್ಕೆ ಮಡಿಚಿತು. ಮಂದಾರವತಿ ನಿದ್ದೆ ಹೋದಳು.

ಸರಿಯಾಗಿ ಆಗಲೇ ಸೈನ್ಯ ಹಿಂದಿರುಗಿತು. ಏಳು ಬೆಟ್ಟ ಅಲೆದು, ಏನೂ ಗೊತ್ತಿಲ್ಲದ ಒಂದು ಕರಡಿಯನ್ನು ಹಿಡಿದು, ನಗಾರಿ ಬಾರಿಸುತ್ತ ಬೀದಿಗೆ ಬಂತು. ಬೊಮ್ಮಕ್ಕ ಹಣೆ ಚಚ್ಚಿಕೊಂಡಳು. ಆದರೆ ರಾಣಿ ಉಪ್ಪರಿಗೆಗೆ ಹೋಗಿ ತುಟಿಯ ಮೇಲೆ ಬೆರಳಿಟ್ಟಳು. ಅವಳ ಕಣ್ಣು ಕಂಡ ಸೇನಾಪತಿ ನಗಾರಿಯವನ ಕೈ ಹಿಡಿದ. ಹತ್ತು ಸಾವಿರ ಜನ ಕೆರ ಬಿಚ್ಚಿ ಕೈಯಲ್ಲಿ ಹಿಡಿದು ಕಾಲ್ಬೆರಳ ತುದಿಯಲ್ಲಿ ನಡೆದು ಮನೆಗಳಿಗೆ ಹೋದರು. ಕರಡಿಯೂ ಹಾಗೆಯೇ ನಡೆದು ಕಾಡಿಗೆ ಹೋಯಿತು.

ರಾಣಿ ಒಳಗೆ ಬಂದು, ತೊಟ್ಟಿಲ ಪಕ್ಕದ ತನ್ನ ಮಂಚದ ಮೇಲೆ ಮಲಗಿದಳು. ಮಗುವಿನ ಕಾವಲಿಗೆ ರಾಜಮಾತೆ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅಂದು ರಾಣಿ ಮೂರು ತಿಂಗಳಲ್ಲಿ ಮೊದಲ ಸಲ ಕನಸು ಕಂಡಳು.

ರಾಜ ಅರ್ಧ ರಾಜ್ಯ ಕೊಡುತ್ತೇನೆಂದ. ಬೊಮ್ಮಕ್ಕ ಬೇಡವೆಂದಳು, ಅದರೊಳಗಿನ ಜನರನ್ನು ಸಂಭಾಳಿಸುವವರು ಯಾರು ಎಂದು. ಮೊರದ ಬೆಲೆ ಇಸಿದುಕೊಂಡು, ಬೆರಳಿಗೆ ಅರಿಸಿನ ಹಚ್ಚಿಸಿಕೊಂಡು ಮನೆಗೆ ನಡೆದಳು.

ಅಂದಿನಿಂದ ಬೆಳ್ಳಕ್ಕಿನಾಡಿನಲ್ಲಿ ತೊಟ್ಟಿಲು ತುಂಬುವುದಕ್ಕೆ ಮಗು ಒಂದೇ ಸಾಕೆಂದಾಯಿತು. ಮಗುವನ್ನು ನೋಡಲು ಬಂದವರು ಬಾಗಿಲಲ್ಲೇ ನಿಂತು ತಾವು ಯಾರ ಕಡೆಯವರು, ಯಾವ ಊರಿನವರು, ಯಾವಾಗ ಹೊರಡುತ್ತೇವೆ ಎಂಬ ಮೂರನ್ನೂ ತಾವೇ ಹೇಳಿ ಒಳಗೆ ಬರುತ್ತಿದ್ದರು. ಮಕ್ಕಳು ಮಲಗಿದರು, ತಾಯಂದಿರು ಮಲಗಿದರು, ಎಲ್ಲರೂ ನೂರು ಕಾಲ ಸುಖವಾಗಿ ಬಾಳಿದರು. ಕತೆ ಮುಗಿಯಿತು. ಆ ಮೂಲೆಯಲ್ಲಿ ಒಂದು ಕೂಸು ಈಗಷ್ಟೇ ಕಣ್ಣು ಮುಚ್ಚಿದೆ, ಎದ್ದು ಹೋಗುವವರು ಸದ್ದು ಮಾಡದೆ ಹೋಗಿ.